ಮೌನವ್ರತ ಹಿಡಿದ ಯಂತ್ರ

2024ರ ಆಷಾಢದ ಮಳೆ ಹಿಡಿದು ಒಂಬತ್ತನೆಯ ದಿನ. ಹಿಂದಿನ ವಾರ ಒಗೆದ ಬಟ್ಟೆಗಳು ನಾಲ್ಕು ದಿನ ಹಗ್ಗದ ಮೇಲಿದ್ದೂ ಸರಿಯಾಗಿ ಒಣಗದೆ, ಒಂದು ಬಗೆಯ ಮುಗ್ಗಲು ನಾತವನ್ನು ಮನೆಯೊಳಕ್ಕೆಲ್ಲ ತಂದಿದ್ದುವು. ಅಂತಹ ಒಂದು ಭಾನುವಾರದ ಬೆಳಗ್ಗೆ ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರವು ಮೌನವ್ರತವನ್ನು ಹಿಡಿಯಿತು. ಗುಂಡಿಯನ್ನೊತ್ತಿದರೆ ಮುಖದ ಮೇಲಣ ದೀಪಗಳೇನೋ ಹೊತ್ತಿಕೊಂಡುವು. ಆದರೆ ನೀರು ಬೀಳಲಿಲ್ಲ, ಉರುಳೆ ತಿರುಗಲಿಲ್ಲ. ಮತ್ತೆ ಒತ್ತಿದೆನು. ಮತ್ತೆ ಅದೇ ಮೌನ.

ಇದೇನು ಮಹಾ ವಿಪತ್ತೆಂದು ವಾಚಕರು ನಗಬಹುದು. ಆ ಯಂತ್ರವು ನಮ್ಮ ಮನೆಗೆ ಬಂದ ಬಗೆಯನ್ನು ಹೇಳಿದರೆ ನಗೆ ಸ್ವಲ್ಪ ಕಡಮೆಯಾದೀತು. 2023ರ ಶ್ರಾವಣದಲ್ಲಿ ನನ್ನಾಕೆ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಪಾಚಿಯಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡಳು. ಮೂಳೆ ಕೂಡಿತು, ಹಿಂಡುವ ಬಲ ಮರಳಿ ಬರಲಿಲ್ಲ. ಬೆಂಗಳೂರಿನಿಂದ ಬಂದ ಮಗನು ಎರಡು ಮಾತುಗಳನ್ನು ಹೇಳಿದನು. ಈ ಮನೆಯನ್ನು ಮಾರಿ ನಮ್ಮೊಡನೆ ಬಂದಿರಿ ಎಂಬುದು ಮೊದಲನೆಯದು. ಬರಲಾರೆವೆಂದರೆ ಯಂತ್ರವನ್ನಾದರೂ ಇಟ್ಟುಕೊಳ್ಳಿ ಎಂಬುದು ಎರಡನೆಯದು. ನಾವು ಎರಡನೆಯದಕ್ಕೆ ಒಪ್ಪಿಕೊಂಡೆವು. ಅಂದಿನಿಂದ ಅದು ಬಚ್ಚಲುಮನೆಯ ಮೂಲೆಯಲ್ಲಿ, ನಾವಿಬ್ಬರೇ ಇಲ್ಲಿ ಬಾಳಬಲ್ಲೆವೆಂಬುದಕ್ಕೆ ನಿಂತ ಜಾಮೀನುದಾರನಂತೆ ಕುಳಿತಿದ್ದಿತು. ಅದು ಕೆಟ್ಟಿತೆಂಬ ಸುದ್ದಿ ಬೆಂಗಳೂರಿಗೆ ಮುಟ್ಟಿದರೆ ಮೊದಲನೆಯ ಮಾತು ಮರಳಿ ಏಳುವುದೆಂದು ಇಬ್ಬರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ರಿಪೇರಿ ಮಾಡುವವನಿಗೆ ಫೋನು ಮಾಡಿದೆನು. ನಾನು ಅರ್ಧ ಹೇಳುವುದರೊಳಗಾಗಿಯೇ ಆತನು, “ಬೋರ್ಡು ಹೋಗಿದೆ ಸ್ವಾಮಿ, ಮಳೆಗಾಲದಲ್ಲಿ ಹೀಗೆಯೇ. ಬದಲಾಯಿಸಬೇಕು. ನಾನು ಬರುವುದು ಇನ್ನು ಐದು ದಿನಕ್ಕೆ” ಎಂದನು. ಬೋರ್ಡೆಂದರೆ ಯಂತ್ರದ ಮಿದುಳಂತೆ. ಅದರ ಬೆಲೆಯನ್ನು ಕೇಳಿ ನಾನು ಕುಳಿತುಬಿಟ್ಟೆನು.

ಪಾಠಶಾಲೆಯಲ್ಲಿ ನಾನು ವಿಶ್ವನಾಥ ನ್ಯಾಯಪಂಚಾನನನ ಸಿದ್ಧಾಂತಮುಕ್ತಾವಳಿಯನ್ನು ಓದಿದವನು. ಆ ಗ್ರಂಥದ ಆರಂಭದಲ್ಲಿಯೇ ಒಂದು ವಾದವುಂಟು. ಬೆಂಕಿಯ ಸಮೀಪದಲ್ಲಿ ಒಂದು ಬಗೆಯ ಮಣಿಯನ್ನಿಟ್ಟರೆ ಬೆಂಕಿಯು ಸುಡುವುದಿಲ್ಲ. ಮಣಿಯನ್ನು ತೆಗೆದರೆ ಸುಡುವುದು. ಅಂತಹ ಮಣಿಯನ್ನು ನಮ್ಮ ಗುರುಗಳೂ ಕಂಡಿರಲಿಲ್ಲ, ಅದಂತಿರಲಿ. ಬೆಂಕಿಯಲ್ಲಿ ಶಕ್ತಿಯೆಂಬ ಬೇರೊಂದು ಪದಾರ್ಥವಿದೆ, ಮಣಿಯು ಅದನ್ನು ನಾಶಮಾಡುವುದು, ಮಣಿಯನ್ನು ತೆಗೆದೊಡನೆ ಅದು ಮತ್ತೆ ಹುಟ್ಟುವುದು ಎಂದು ಮೀಮಾಂಸಕರು ವಾದಿಸುವರು. ನೈಯಾಯಿಕರು ಇದನ್ನು ಒಪ್ಪರು. ಬೆಂಕಿಗೆ ಏನೂ ಆಗಿಲ್ಲ. ಪ್ರತಿಬಂಧಕವು ಇಲ್ಲದಿರುವುದೂ ಕಾರ್ಯಕ್ಕೆ ಒಂದು ಕಾರಣವೇ, ಮಣಿಯಿದ್ದಾಗ ಆ ಒಂದು ಕಾರಣ ಕಡಮೆಯಾಯಿತು, ಆದುದರಿಂದ ಸುಡಲಿಲ್ಲ ಎಂಬುದು ಅವರ ಸಮಾಧಾನ. ಬೋರ್ಡೇ ಹೋಗಿದೆ ಎಂದ ರಿಪೇರಿಯವನು ಮೀಮಾಂಸಕನೆಂದು ನನಗೆ ತೋರಿತು. ನಾನು ನೈಯಾಯಿಕನ ಪಕ್ಷವನ್ನು ಹಿಡಿದು, ಮಣಿಯನ್ನು ಹುಡುಕಲು ಹೊರಟೆನು.

ಮೊದಲು ವಿದ್ಯುತ್ತು. ದೀಪ ಹೊತ್ತಿದುದರಿಂದ ವಿದ್ಯುತ್ತು ಇದೆಯೆಂದು ನಿರ್ಣಯಿಸುವುದು ಅವಸರವಾದೀತು. ಸಣ್ಣ ದೀಪಕ್ಕೆ ಸಾಲುವಷ್ಟು ಉರುಳೆಯನ್ನು ತಿರುಗಿಸುವುದಕ್ಕೆ ಸಾಲಬೇಕಲ್ಲ! ನಮ್ಮ ಯಂತ್ರದ ನೀರು ಕಾಯಿಸುವ ಭಾಗವೊಂದೇ 2000 ವಾಟ್ ತಿನ್ನುವುದು. 230 ವೋಲ್ಟಿನಲ್ಲಿ ಅದು ಸುಮಾರು 9 ಆಂಪಿಯರ್ ಆಗುವುದು. ಅದಕ್ಕಾಗಿಯೇ ಮಗನು 16 ಆಂಪಿಯರಿನ ದಪ್ಪ ಸಾಕೆಟ್ಟನ್ನು ಹಾಕಿಸಿದ್ದನು. ಯಂತ್ರದ ಪ್ಲಗ್ಗನ್ನು ಕಿತ್ತು ಅಲ್ಲಿಗೆ ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸಿದೆನು. ಅದು ಚೆನ್ನಾಗಿ ಕಾದಿತು. ವೋಲ್ಟೇಜು ತೋರಿಸುವ ಡಬ್ಬಿಯಲ್ಲಿ 225 ಎಂದಿದ್ದಿತು. ಅಂದು ಕರೆಂಟು ಇದ್ದುದೇ ನಮ್ಮ ಪುಣ್ಯ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿಯೇ ವಿದ್ಯುತ್ತನ್ನು ಒಯ್ದ ನಾಡಿನಲ್ಲಿ, ಇಂದಿಗೂ ಒಂದು ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದರೆ ನಮ್ಮ ಊರು ಎರಡು ದಿನ ಕತ್ತಲೆಯಲ್ಲಿರುವುದು.

ಬಳಿಕ ನೀರು. ನಲ್ಲಿ ತೆರೆದೇ ಇದ್ದಿತು. ಕೊಳವೆಯನ್ನು ಬಿಚ್ಚಿ ನೋಡಲು, ಅದರ ಬಾಯಲ್ಲಿರುವ ಚಿಕ್ಕ ಜಾಲರಿಯಲ್ಲಿ ಕೆಮ್ಮಣ್ಣು ಕಟ್ಟಿದ್ದಿತು. ಇದೇ ಮಣಿಯೆಂದು ಹಿಗ್ಗಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಕೂಡಿಸಿದೆನು. ಯಂತ್ರವು ಮಿಸುಕಲಿಲ್ಲ. ಆಮೇಲೆ ಹೊಳೆಯಿತು: ನೀರು ಬಾರದಿದ್ದರೂ ಅದನ್ನು ಕರೆಯುವ ಕವಾಟವು ‘ಗುಂಯ್’ ಎನ್ನಬೇಕಾಗಿದ್ದಿತು. ಅದಕ್ಕೂ ಮೊದಲು ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದ ‘ಟಕ್’ ಎಂಬ ಸದ್ದು ಕೇಳಬೇಕು. ಬಾಗಿಲಿಗೆ ಬೀಗ ಬೀಳುವ ತನಕ ಈ ಜಾತಿಯ ಯಂತ್ರವು ನೀರನ್ನೂ ಕರೆಯದು, ಉರುಳೆಯನ್ನೂ ತಿರುಗಿಸದು. ಅಂದು ‘ಗುಂಯ್’ ಇಲ್ಲ, ‘ಟಕ್’ ಸಹ ಇಲ್ಲ. ಹಾಗಾದರೆ ದೋಷವು ನೀರಿಗಿಂತ ಹಿಂದೆ ಇರಬೇಕು. ಅದೇ ವೇಳೆಗೆ, ಮುಖಫಲಕದ ಮೂಲೆಯಲ್ಲಿ ಒಂದು ಪುಟ್ಟ ಬೀಗದ ಚಿತ್ರವು ಕೆಂಪಗೆ ಬೆಳಗುತ್ತಿರುವುದನ್ನು ಕಂಡೆನು. ಬೀಗವಿದ್ದಲ್ಲಿ ಬಾಗಿಲಿರುವುದು, ಇಲ್ಲಿ ಬೀಗವು ಬೆಳಗುತ್ತಿದೆ, ಆದುದರಿಂದ ದೋಷವು ಬಾಗಿಲಿನಲ್ಲಿದೆ. ಅನುಮಾನವು ಎಷ್ಟು ಅಂದವಾಗಿ ಕೂಡಿತೆಂದರೆ, ಗುರುಗಳಿದ್ದರೆ ಬೆನ್ನು ತಟ್ಟುತ್ತಿದ್ದರೆಂದು ಕೊಂಡೆನು.

ಪ್ಲಗ್ಗನ್ನು ಕಿತ್ತು, ಕೈಯನ್ನು ಒರೆಸಿಕೊಂಡು, ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಗಳನ್ನೆಲ್ಲ ಬಿಡಿಸಿ ನೋಡಿದೆನು. ಒಂದು ಪಿನ್ನು, ಎರಡು ಗುಂಡಿಗಳು, ಒಂದು ಐದು ರೂಪಾಯಿಯ ನಾಣ್ಯ ದೊರಕಿದುವು. ಕೊಂಡಿ ಕೂರುವ ಸಂದಿಯಲ್ಲಿ ಸಾಬೂನಿನ ಪುಡಿ ಗಟ್ಟಿಯಾಗಿ ಅಂಟಿದ್ದಿತು, ಅದನ್ನೂ ಕೆರೆದೆನು. ಬಾಗಿಲನ್ನು ಒತ್ತಿ ಮುಚ್ಚಿದೆನು. ಏನೂ ಇಲ್ಲ. ಒಂದು ಗಂಟೆ ಕಳೆದಿದ್ದಿತು. ಮೀಮಾಂಸಕನ ಪಕ್ಷವೇ ಗೆಲ್ಲುವಂತೆ ಕಂಡಿತು.

ಆಗ ಹಿತ್ತಲಿನಿಂದ, ಮಳೆಯ ಸದ್ದಿನ ನಡುವೆ, ಬಟ್ಟೆಯನ್ನು ಕಲ್ಲಿಗೆ ಬಡಿಯುವ ಸದ್ದು ಕೇಳಿಸಿತು.

ನಾನು ಓಡಿದೆನು. ನನ್ನಾಕೆ ಸೆರಗನ್ನು ತಲೆಗೆ ಹೊದ್ದು, ಅದೇ ಕಲ್ಲಿನ ಮುಂದೆ ನಿಂತು, ಎಡಗೈಯೊಂದರಿಂದಲೇ ನನ್ನ ಪಂಚೆಯನ್ನು ಬಡಿಯುತ್ತಿದ್ದಳು. ಕಾಲಕೆಳಗೆ ಹಳೆಯ ಗೋಣಿಯನ್ನು ಹಾಸಿಕೊಂಡಿದ್ದಳು, ಅಷ್ಟೇ ಮುನ್ನೆಚ್ಚರಿಕೆ. ನಾನು ಸಿಟ್ಟಿನಿಂದ ಏನೋ ಅಂದೆನು. ಏನೆಂದು ಇಲ್ಲಿ ಬರೆಯಲಾರೆ. ಆಕೆ ಉತ್ತರ ಕೊಡಲಿಲ್ಲ. ಪಂಚೆಯನ್ನು ಕಿತ್ತುಕೊಂಡು ನಾನೇ ಒಗೆಯತೊಡಗಿದೆನು. ಪಾಠಶಾಲೆಯಲ್ಲಿದ್ದಾಗ ನನ್ನ ಬಟ್ಟೆಯನ್ನು ನಾನೇ ಒಗೆದುಕೊಳ್ಳುತ್ತಿದ್ದೆನು. ಮದುವೆಯಾದ ಮೇಲೆ ಆ ವಿದ್ಯೆಯನ್ನು ಹೇಗೆ ಬಿಟ್ಟೆನೋ, ಎಂದು ಬಿಟ್ಟೆನೋ, ನೆನಪಿಲ್ಲ. ಯಾರೂ ಬಿಡೆಂದು ಹೇಳಿರಲಿಲ್ಲ. ಪಂಚೆ ಹೇಗೋ ಆಯಿತು. ಹಾಸಿಗೆಯ ದಪ್ಪ ಹೊದಿಕೆ ನೀರು ಕುಡಿದು ಎತ್ತಲಾರದಷ್ಟು ಭಾರವಾಗಿದ್ದಿತು. ಒಂದು ತುದಿಯನ್ನು ನಾನು, ಇನ್ನೊಂದನ್ನು ಆಕೆ ಹಿಡಿದು ಹಿಂಡಲು ತೊಡಗಿದೆವು. ಎರಡು ಸುತ್ತು ಬೀಳುವುದರೊಳಗೆ ಅದು ಆಕೆಯ ಕೈಯಿಂದ ಜಾರಿ ಕೆಸರಿಗೆ ಬಿದ್ದಿತು. ಆಕೆ ತನ್ನ ಬಲಗೈಯನ್ನು ನೋಡಿಕೊಂಡಳು.

“ಸಂಜೆ ಅವನು ಫೋನು ಮಾಡುತ್ತಾನೆ” ಎಂದಳು.

“ಮಾಡಲಿ” ಎಂದೆನು.

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಹೇಳಿದಳು: “ಹೋದ ಭಾನುವಾರ ಅವರೆಲ್ಲ ಬಂದಿದ್ದಾಗ, ಅದು ತಿರುಗುತ್ತಿರಲು, ಮಗು ಅದರ ಮುಂದೆ ಕುಳಿತು ಗುಂಡಿಗಳನ್ನೆಲ್ಲ ಒತ್ತುತ್ತಿದ್ದಳು. ಎರಡೆರಡನ್ನು ಒಟ್ಟಿಗೆ ಒತ್ತಿ ನಗುತ್ತಿದ್ದಳು.”

“ಇದನ್ನು ಮೊದಲೇ ಹೇಳಬಾರದಿತ್ತೆ?”

“ನೀವು ನನ್ನನ್ನು ಏನು ಕೇಳಿದಿರಿ?”

ಕೇಳಿರಲಿಲ್ಲವೆಂಬುದು ನಿಜ. ಒದ್ದೆಯ ಕಾಲಿನಲ್ಲಿಯೇ ಒಳಕ್ಕೆ ಬಂದು, ಯಂತ್ರದೊಡನೆ ಬಂದಿದ್ದ ಪುಸ್ತಿಕೆಯನ್ನು ತೆರೆದೆನು. ಬಾಗಿಲಿನ ಪ್ರಕರಣವನ್ನು ಬಿಟ್ಟು ಮಕ್ಕಳ ಪ್ರಕರಣವನ್ನು ಹುಡುಕಿದೆನು. ಮಕ್ಕಳು ಒತ್ತಿ ಕೆಡಿಸದಂತೆ ಗುಂಡಿಗಳನ್ನೆಲ್ಲ ಕಟ್ಟಿಹಾಕುವ ಉಪಾಯವೊಂದು ಯಂತ್ರದಲ್ಲಿರುವುದು. ಎರಡು ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಅದು ಬೀಳುವುದು, ಹಾಗೆಯೇ ಮತ್ತೊಮ್ಮೆ ಹಿಡಿದರೆ ಏಳುವುದು. ವಿದ್ಯುತ್ತನ್ನು ಆರಿಸಿ ಹೊತ್ತಿಸಿದರೂ ತಾನಾಗಿ ಹೋಗದು. ಅದರ ಗುರುತು ಬೀಗದ ಚಿತ್ರ. ಬೀಗವಿದ್ದಲ್ಲೆಲ್ಲ ಬಾಗಿಲಿರುವುದೆಂಬ ನನ್ನ ವ್ಯಾಪ್ತಿಯೇ ಸುಳ್ಳಾಗಿದ್ದಿತು. ಶುದ್ಧ ಸವ್ಯಭಿಚಾರ ಹೇತು. ತರ್ಕಸಂಗ್ರಹವನ್ನು ಓದುವ ಹುಡುಗನೂ ಹಿಡಿಯಬಹುದಾದ ದೋಷ. ಮಕ್ಕಳನ್ನು ತಡೆಯಲು ಮಾಡಿದ ಬೀಗವನ್ನು ನಾಲ್ಕು ವರ್ಷದ ಮಗುವು ಹಾಕಿ ಹೋಗಿ, ಅರವತ್ತೇಳು ವರ್ಷದ ಅಜ್ಜನು ಹೊರಗೆ ನಿಂತಿದ್ದನು.

ಎರಡು ಗುಂಡಿಗಳನ್ನೂ ಹಿಡಿದು, ಮೂರರ ಬದಲು ಐದು ಎಣಿಸಿದೆನು. ಕೆಂಪು ಬೀಗವು ಆರಿತು. ನನ್ನಾಕೆ ಬಾಗಿಲಲ್ಲಿ ಬಂದು ನಿಂತಿದ್ದಳು; ಕೆಸರಾದ ಹೊದಿಕೆಯನ್ನು ಆಕೆಯಿಂದ ತೆಗೆದುಕೊಂಡು ಒಳಗೆ ಹಾಕಿ, ಬಾಗಿಲು ಮುಚ್ಚಿ, ಒತ್ತಿದೆನು. ‘ಟಕ್’ ಎಂದಿತು. ಆಮೇಲೆ ‘ಗುಂಯ್’. ಆಮೇಲೆ ನೀರು.

ರಿಪೇರಿಯವನಿಗೆ ಬರಬೇಡವೆಂದು ತಿಳಿಸಿದೆನು. ಬೋರ್ಡು ಎಂದಿದ್ದರೂ ಒಂದು ಸಲ ಹೋಗಬಹುದಾದುದೇ, ಎಚ್ಚರವಾಗಿರಿ ಎಂದು ಆತನು ತನ್ನ ಪಕ್ಷವನ್ನು ಉಳಿಸಿಕೊಂಡನು.

ಸಂಜೆ ಮಗನ ಫೋನು ಬಂದಿತು. ನನ್ನಾಕೆ ಎಡಗೈಯಲ್ಲಿ ಹಿಡಿದು ಮಾತನಾಡಿದಳು. ಮಳೆಯ ಮಾತು, ಮಗುವಿನ ಕೆಮ್ಮಿನ ಮಾತು ಆದ ಮೇಲೆ ಅವನು ಇಲ್ಲಿಯ ವಿಶೇಷವನ್ನು ಕೇಳಿದನೆಂದು ತೋರುತ್ತದೆ. “ಬಟ್ಟೆ ಒಣಗುವುದಿಲ್ಲ, ಅಷ್ಟೆ; ಬೇರೇನಿಲ್ಲ” ಎಂದಳು. ನಾನು ಜಗಲಿಯಲ್ಲಿ ಕುಳಿತು, ಬೊಬ್ಬೆಯೆದ್ದ ಅಂಗೈಗೆ ಕೊಬ್ಬರಿ ಎಣ್ಣೆಯನ್ನು ಸವರಿಕೊಳ್ಳುತ್ತಿದ್ದೆನು.