ಮಸತ್ಲಾನಿನ ಒಂದು ಅಡಿಗೆಮನೆ

ಮೆಕ್ಸಿಕೊ ದೇಶದ ಪಶ್ಚಿಮ ತೀರದಲ್ಲಿ, ಸಿನಲೋವಾ ಪ್ರಾಂತಕ್ಕೆ ಸೇರಿದ ಮಸತ್ಲಾನ್ ಎಂಬ ರೇವುಪಟ್ಟಣವಿರುವುದು. ಅಲ್ಲಿಯ ಪ್ರಾಚೀನ ನಹುವಾ ಭಾಷೆಯಲ್ಲಿ ಈ ಹೆಸರಿಗೆ 'ಜಿಂಕೆಗಳ ಸ್ಥಳ' ಎಂದರ್ಥ. ಈಗಲಾದರೋ ಆ ಊರಿಗೆ ಪ್ರಸಿದ್ಧಿ ಬಂದಿರುವುದು ಸಿಗಡಿಯಿಂದ. ಆಕಿಲೆಸ್ ಸೆರ್ದಾನ್ ಬೀದಿಯಲ್ಲಿ ಹೆಂಗಸರು ಕೊಡೆಗಳ ನೆರಳಿನಲ್ಲಿ ಸಾಲಾಗಿ ಕುಳಿತು, ಬೋಗುಣಿಗಳಲ್ಲಿ ಸಿಗಡಿಯನ್ನು ರಾಶಿಹಾಕಿಕೊಂಡು ಮಾರುವರು. ಆ ಕೂಗಾಟ, ಆ ಚೌಕಾಸಿ, ನಮ್ಮ ಕರಾವಳಿಯ ಮೀನುಪೇಟೆಯನ್ನು ನೋಡಿದವರಿಗೆ ಅಪರಿಚಿತವೆನಿಸದು.

2017ನೆಯ ಇಸವಿಯ ಸೆಪ್ಟೆಂಬರಿನಲ್ಲಿ ನಾವು ಅಲ್ಲಿಯ ಬೆಸ್ತರ ಮನೆಯೊಂದರಲ್ಲಿ ಅತಿಥಿಗಳಾಗಿದ್ದೆವು. ಸಿಗಡಿಯ ಸಂತಾನವು ವೃದ್ಧಿಯಾಗಲೆಂದು ಸರಕಾರದವರು ಪ್ರತಿವರ್ಷವೂ ಕೆಲವು ತಿಂಗಳು ಅದನ್ನು ಹಿಡಿಯಗೊಡುವುದಿಲ್ಲ. ನಮ್ಮಲ್ಲಿ ಮಳೆಗಾಲದ ಮೀನುಗಾರಿಕೆಗೆ ತಡೆಯಿರುವಂತೆಯೇ ಇದು. ಆ ನಿಷೇಧವು ಆಗತಾನೆ ತೆರವಾಗಿತ್ತು. ಮನೆಯ ಯಜಮಾನನು ಚಿಕ್ಕ ದೋಣಿಯಲ್ಲಿ ಕಡಲಿಗೆ ಹೋಗಿದ್ದನು. ಆ ಸಂಜೆ ಗೃಹಿಣಿಯು ನಮಗೆ 'ಕಮರೋನೆಸ್ ಅ ಲಾ ದಿಯಾಬ್ಲಾ', ಎಂದರೆ 'ಪಿಶಾಚಿಯ ರೀತಿಯ ಸಿಗಡಿ'ಯನ್ನು ಕಲಿಸಿಕೊಡುವುದಾಗಿ ಒಪ್ಪಿದ್ದಳು.

ಖಾರದ ವಿಷಯದಲ್ಲಿ ನಮಗಾರು ಏನು ಕಲಿಸುವರೆಂಬ ಗರ್ವ ನಮಗಿತ್ತು. ಮೆಣಸಿನಕಾಯಿಯ ತವರು ಮೆಕ್ಸಿಕೊವೇ ಎಂಬುದನ್ನೂ, ಪೋರ್ಚುಗೀಸರ ಹಡಗುಗಳು ತಂದ ಬಳಿಕವೇ ಅದು ನಮ್ಮ ಸಾರಿಗಿಳಿಯಿತೆಂಬುದನ್ನೂ ಮರೆತಿದ್ದೆವು! ಅರ್ಧ ಕಿಲೋ ಸಿಗಡಿಗೆ ಆಕೆ ಆರು ಗುವಾಹಿಯೊ ಮೆಣಸಿನಕಾಯಿಗಳನ್ನೂ ನಾಲ್ಕು ಆರ್ಬೊಲ್ ಮೆಣಸಿನಕಾಯಿಗಳನ್ನೂ ತೆಗೆದಿಟ್ಟಳು. ಮೊದಲನೆಯದು ನಮ್ಮ ಬ್ಯಾಡಗಿಯಂತೆ ಬಣ್ಣ ಹೆಚ್ಚು, ಖಾರ ಕಡಿಮೆ. ಎರಡನೆಯದು ಸಣ್ಣದಾದರೂ ಬಲು ಉಗ್ರ. ಬೀಜ ತೆಗೆದು ಹಂಚಿನ ಮೇಲೆ ಬೆಚ್ಚಗೆ ಮಾಡಲು ನಮಗೆ ಹೇಳಿದಳು. ನಾವು ಊರಿನ ವಗ್ಗರಣೆಯ ಧೈರ್ಯದಿಂದ ಕಪ್ಪಾಗುವವರೆಗೆ ಹುರಿದೆವು. ಮನೆಯೆಲ್ಲ ಘಾಟು, ಎಲ್ಲರಿಗೂ ಕೆಮ್ಮು. ಆಕೆ ಕೋಪಿಸಿಕೊಳ್ಳದೆ ಅವೆಲ್ಲವನ್ನೂ ಹೊರಗೆ ಚೆಲ್ಲಿ, "ಸುಟ್ಟದ್ದರ ಕಹಿ ಮತ್ತೆ ಹೋಗದು" ಎಂದು ಹೇಳಿ, ಹೊಸದಾಗಿ ಮೊದಲುಮಾಡಿದಳು. ಪರಿಮಳ ಬಂದೊಡನೆಯೇ ಇಳಿಸಬೇಕು; ಅದಕ್ಕೆ ಅರ್ಧ ನಿಮಿಷ ಸಾಕು.

ಆ ತರುವಾಯ ಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಯಿಟ್ಟು, ಎರಡು ಟೊಮ್ಯಾಟೊ, ಅರ್ಧ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿಗಳೊಡನೆ ನುಣ್ಣಗೆ ಅರೆದು ಸೋಸಿದೆವು. ಅದನ್ನು ಕಾದ ಎಣ್ಣೆಗೆ ಹಾಕಿ, ಉಪ್ಪು ಸೇರಿಸಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದಾಗ ರಸವು ಕೆಂಪಗೆ ಗಟ್ಟಿಯಾಯಿತು. ಅನ್ನವೂ ಸಿದ್ಧವಾಗಿದ್ದಿತು, ನಿಂಬೆಯ ಹೋಳುಗಳೂ ಸಿದ್ಧವಾಗಿದ್ದುವು. ಆದರೆ ಆಕೆ ಒಲೆಯನ್ನು ಆರಿಸಿಬಿಟ್ಟಳು! ಸುಲಿದ ಸಿಗಡಿಯು ತಣ್ಣಗೆ ಪಾತ್ರೆಯಲ್ಲಿಯೇ ಉಳಿಯಿತು.

ಎಂಟು ಗಂಟೆಯಾಯಿತು, ಒಂಬತ್ತಾಯಿತು. ಹೊರಗೆ ಗಾಳಿ ಬಲವಾಗಿ ಮಳೆ ಸುರಿಯತೊಡಗಿತು. ಹಸಿವಿನಿಂದ ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ತಡವೇಕೆಂದು ಕೇಳಿದ್ದಕ್ಕೆ ಆಕೆ, "ರಸ ಎಷ್ಟು ಹೊತ್ತಾದರೂ ಕಾಯುವುದು, ಸಿಗಡಿ ಕಾಯದು. ಮೂರು ನಿಮಿಷಕ್ಕೆ ಬೇಯುವುದು, ಮೀರಿದರೆ ರಬ್ಬರಿನಂತಾಗುವುದು. ಉಣ್ಣುವವನು ಬಂದಮೇಲೆಯೇ ಹಾಕಬೇಕು" ಎಂದಳು. ಹಾಗೆಂದಾಗ ಆಕೆಯ ದೃಷ್ಟಿ ಬಾಗಿಲ ಕಡೆಗಿದ್ದಿತು. ಕೇಳಬಾರದ್ದನ್ನು ಕೇಳಿದೆವೆಂದು ನಮಗಾಗ ತಿಳಿಯಿತು. ಬಳಿಕ ಯಾರೂ ಊಟದ ಮಾತೆತ್ತಲಿಲ್ಲ.

ಹತ್ತು ಗಂಟೆ ದಾಟಿದ ಮೇಲೆ ಅಂಗಳದಲ್ಲಿ ಹೆಜ್ಜೆಯ ಸಪ್ಪಳವಾಯಿತು. ತೊಯ್ದು ತೊಪ್ಪೆಯಾಗಿದ್ದ ಯಜಮಾನನು ಒಳಗೆ ಬಂದು ಬರಿದಾದ ಬುಟ್ಟಿಯನ್ನು ಕೆಳಗಿಟ್ಟನು. ಆಕೆ ಬುಟ್ಟಿಯತ್ತ ನೋಡಲೇ ಇಲ್ಲ. ಒಣಗಿದ ಬಟ್ಟೆಯೊಂದನ್ನು ಅವನ ಕೈಗೆ ಕೊಟ್ಟು, ಒಲೆ ಹೊತ್ತಿಸಿದಳು. ರಸ ಕುದಿಬಂದೊಡನೆ ಸಿಗಡಿ ಬಿದ್ದಿತು. ಬೂದುಬಣ್ಣ ಕೆಂಪಾಗಿ, ಮೈ ಬಾಗಿ, ಮೂರನೆಯ ನಿಮಿಷಕ್ಕೆ ಇಳಿಯಿತು.

ಖಾರಕ್ಕೆ ನಮ್ಮೆಲ್ಲರ ಕಣ್ಣುಗಳಲ್ಲಿಯೂ ನೀರು ಬಂದಿತು. ಆಕೆಯ ಕಣ್ಣುಗಳು ಮಾತ್ರ ತುತ್ತೆತ್ತುವುದಕ್ಕೆ ಮೊದಲೇ ಒದ್ದೆಯಾಗಿದ್ದುವು.

ಈಗ ನಮ್ಮ ಮನೆಯಲ್ಲಿ ಬ್ಯಾಡಗಿಯಿಂದಲೇ ಈ ಅಡಿಗೆಯನ್ನು ಮಾಡುವೆವು. ರಸವನ್ನು ಮೊದಲೇ ಕಾಯಿಸಿಡುವೆವು. ಸಿಗಡಿಯನ್ನು ಮಾತ್ರ ಮನೆಯವರೆಲ್ಲರೂ ಬಂದು ಸೇರುವವರೆಗೆ ಮುಟ್ಟುವುದಿಲ್ಲ.