ಹೋಟೆಲ್ ಎಂಬ ಪದ

ಬಿಟ್ಟಂಗಾಲದಲ್ಲಿ ನಮ್ಮ ಉಪ್ಪ ನಡೆಸುವುದು ನಾಲ್ಕು ಬೆಂಚಿನ ಸಣ್ಣ ಹೋಟೆಲ್. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ‘ವ್ಯಾಪಾರ’ ಎಂದಷ್ಟೇ ಬರೆದಿದ್ದೆ. ಹೋಟೆಲ್ ಎನ್ನಲು ನಾಚಿಕೆ.

ಇಟಲಿಯಲ್ಲಿ ಇಂಥ ಸಣ್ಣ ಹೋಟೆಲಿಗೆ ‘ಓಸ್ತೆರಿಯ’ ಎನ್ನುತ್ತಾರೆಂದು ಮೊನ್ನೆ ಓದಿದೆ. ಅದರ ಮೂಲ ಲ್ಯಾಟಿನ್ ಭಾಷೆಯ ‘ಹೋಸ್ಪೆಸ್’. ಅತಿಥಿಗೂ ಅದೇ ಪದ, ಅತಿಥಿಯನ್ನು ಸತ್ಕರಿಸುವವನಿಗೂ ಅದೇ ಪದ. ನಾವು ದಿನವೂ ಹೇಳುವ ‘ಹೋಟೆಲ್’, ‘ಆಸ್ಪತ್ರೆ’ ಎರಡೂ ಆ ಬೇರಿನಿಂದಲೇ ಬಂದವು.

ಓದುತ್ತಿದ್ದಂತೆ ಉಪ್ಪ ನೆನಪಾದರು. ಮಳೆಗಾಲದ ರಾತ್ರಿ ವಿರಾಜಪೇಟೆಯ ಬಸ್ಸು ತಪ್ಪಿ ಯಾರಾದರೂ ನೆನೆದು ಬಂದರೆ ಮೊದಲು ಬಿಸಿ ಚಹಾ, ದುಡ್ಡಿನ ಮಾತು ಆಮೇಲೆ. ಎಷ್ಟೋ ಸಲ ಅವರ ಜೊತೆಯೇ ಕೂತು ಉಣ್ಣುತ್ತಾರೆ.

ಈ ವರ್ಷ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ‘ಹೋಟೆಲ್’ ಎಂದೇ ಬರೆದೆ.