‘ಆಧಾರ: ಅಜ್ಜಿ’ ಎಂದು ಬರೆದರೆ ಸಾಕೇ?

ಎಂಟನೆಯ ತರಗತಿಯ ಸಮಾಜ ವಿಜ್ಞಾನದ ‘ಆಧಾರಗಳು’ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಮೆಚ್ಚಿ ಕೊಡುವ ಚಟುವಟಿಕೆಯೊಂದಿದೆ: ನಿಮ್ಮ ಮನೆಯ ವಂಶವೃಕ್ಷ ಬರೆದು ತನ್ನಿ, ಮಾಹಿತಿಯ ಆಧಾರವನ್ನೂ ತಿಳಿಸಿ. ನಂದಿಯ ಸುತ್ತಲಿನ ಪ್ರೌಢಶಾಲೆಗಳಿಗೆ ಪಾಠ ಅವಲೋಕನಕ್ಕೆ ಹೋದಾಗ ಆ ಪುಸ್ತಕಗಳನ್ನು ತಿರುವಿ ನೋಡುವುದು ನನಗೆ ಇಷ್ಟದ ಕೆಲಸ. ಮರವನ್ನು ಮಕ್ಕಳು ಬಣ್ಣ ಹಚ್ಚಿ ಅಂದವಾಗಿ ಬರೆದಿರುತ್ತಾರೆ. ಕೆಳಗಿನ ಸಾಲಿನಲ್ಲಿ ಮಾತ್ರ ‘ಆಧಾರ: ಅಜ್ಜಿ’, ‘ಆಧಾರ: ಗೂಗಲ್’, ಕೆಲವೊಮ್ಮೆ ‘ಆಧಾರ: ಆಧಾರ್ ಕಾರ್ಡ್’. ಕೆಂಪು ಶಾಯಿಯ ಸರಿ ಗುರುತು ಬಿದ್ದಿರುತ್ತದೆ, ಪಾಠ ಮುಂದೆ ಹೋಗಿರುತ್ತದೆ. ಇಡೀ ಪಾಠದ ಜೀವ ಇರುವುದು ಆ ಒಂದು ಸಾಲಿನಲ್ಲೇ ಎಂಬುದು ನನ್ನ ಅಭಿಪ್ರಾಯ.

ಆಧಾರ ನಮೂದಿಸುವುದೆಂದರೆ ಇನ್ನೊಬ್ಬರಿಗೆ ದಾರಿ ಹೇಳುವುದು. ನಾನು ಇದನ್ನು ಎಲ್ಲಿ ಕಂಡೆ, ಯಾರಿಂದ ಕೇಳಿದೆ, ನೀವೂ ಹೋಗಿ ನೋಡಬಹುದು ಎಂದು ತಿಳಿಸುವುದು. ಈ ಲೆಕ್ಕದಲ್ಲಿ ಗೂಗಲ್ ಬರಿಯ ಬಸ್ ನಿಲ್ದಾಣ. ನಾವು ಹೋಗಿ ಇಳಿದ ಊರಿನ ಹೆಸರು ಬೇರೆಯೇ ಇರುತ್ತದೆ. ಆ ಊರಿನ ಹೆಸರು ಬೇಕು.

ನಮ್ಮ ಮಗ್ಗುಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಸೆಪ್ಟೆಂಬರ್ 15ರಂದು. ಇಂಜಿನಿಯರುಗಳ ದಿನವನ್ನು ಆಚರಿಸುವುದೂ ಅಂದೇ. ವರ್ಷ ಮಾತ್ರ ಕೆಲವು ಕಡೆ 1860, ಕೆಲವು ಕಡೆ 1861. ಒಬ್ಬ ಹುಡುಗ 1860 ಎಂದು ಐದು ಜಾಲತಾಣ ತೋರಿಸಿದರೆ, ಪಕ್ಕದವಳು 1861 ಎಂದು ಐದು ತೋರಿಸಿಯಾಳು. ಇಲ್ಲಿ ತಲೆ ಎಣಿಸಿ ತೀರ್ಪು ಕೊಡಲಾಗದು. ಐದೂ ಒಂದೇ ಪುಟದಿಂದ ನಕಲಾಗಿರಬಹುದು. ಅಂಚೆ ಇಲಾಖೆ ಅವರ ಜನ್ಮಶತಾಬ್ದಿಯ ಅಂಚೆಚೀಟಿ ತಂದದ್ದು 1960ರ ಸೆಪ್ಟೆಂಬರ್ 15ರಂದು. ಅದು ಒಳ್ಳೆಯ ಆಧಾರ, ಆದರೆ ಯಾವುದಕ್ಕೆ? 1960ರಲ್ಲಿ ಸರ್ಕಾರ ಯಾವ ಲೆಕ್ಕ ಹಿಡಿದಿತ್ತು ಎಂಬುದಕ್ಕೆ. ಅದಕ್ಕೆ ನೂರು ವರ್ಷ ಹಿಂದೆ ಮುದ್ದೇನಹಳ್ಳಿಯ ಮನೆಯಲ್ಲಿ ನಡೆದದ್ದಕ್ಕೆ ಅದು ಕಣ್ಣಾರೆ ಕಂಡ ಸಾಕ್ಷಿಯಲ್ಲ. ಎರಡೂ ವರ್ಷ ಬರೆದು, ಯಾವುದು ಎಲ್ಲಿ ಸಿಕ್ಕಿತೆಂದು ಪ್ರತ್ಯೇಕವಾಗಿ ನಮೂದಿಸಿದ ಮಗು ಇತಿಹಾಸ ಕಲಿಯಲು ಆರಂಭಿಸಿದೆ ಎಂದೇ ಅರ್ಥ.

ನಮ್ಮ ಮನೆಗಳಲ್ಲೂ ಇದೇ ಕತೆ. ಹಿಂದಿನ ತಲೆಮಾರಿನ ಎಷ್ಟೋ ಜನರ ಹುಟ್ಟುಹಬ್ಬ ಜೂನ್ 1. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಅಂದಾಜಿನಲ್ಲಿ ಅದನ್ನೇ ಬರೆದುಕೊಳ್ಳುತ್ತಿದ್ದರು. ನಮ್ಮ ತಂದೆಯವರದೂ ಜೂನ್ 1. ಅವರ ತಾಯಿ ಹೇಳುತ್ತಿದ್ದುದು ಮಾತ್ರ, ‘ರಾಗಿ ಕೊಯ್ಲಾಗಿ ಕಣಕ್ಕೆ ಹಾಕಿದ್ದಾಗ ಹುಟ್ಟಿದ’ ಎಂದು. ದಾಖಲಾತಿ ಪುಸ್ತಕದ ಆ ಅಂದಾಜು ವರ್ಗಾವಣೆ ಪತ್ರಕ್ಕೆ ಹೋಯಿತು, ಅಲ್ಲಿಂದ ಅಂಕಪಟ್ಟಿಗೆ, ಕೊನೆಗೆ ಆಧಾರ್ ಕಾರ್ಡಿಗೆ. ಕಾಗದ ನಾಲ್ಕು, ಸಾಕ್ಷಿ ಒಂದೇ. ಅಜ್ಜಿಯ ಮಾತಿನಲ್ಲಿ ತಾರೀಕಿಲ್ಲ, ಆದರೆ ಹೇಳಿದವರು ಹೆತ್ತವರು.

ಕಾಗದ ಯಾವ ಕೆಲಸಕ್ಕೆ ಹುಟ್ಟಿತೆಂಬುದನ್ನೂ ನೋಡಬೇಕು. ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು ಹಿಂದೆ ಯಾವಾಗಲೋ ಖಾತೆ ಬದಲಾವಣೆಗೆಂದು ಮನೆಯವರು ಮಾಡಿಸಿದ್ದ ವಂಶವೃಕ್ಷದ ಪತ್ರ ನೋಡಿ ಬರೆದಿದ್ದಳು. ಅದರಲ್ಲಿ ತಾತನಿಗೆ ಮೂವರು ಗಂಡುಮಕ್ಕಳು. ಅಜ್ಜಿಯ ಲೆಕ್ಕದಲ್ಲಿ ಐವರು ಮಕ್ಕಳು. ‘ಮಿಸ್, ಪತ್ರದಲ್ಲಿಲ್ಲದ ಅತ್ತೆಯರನ್ನು ಬರೀಬಹುದಾ?’ ಎಂದು ಎದ್ದು ನಿಂತು ಕೇಳಿದಳು. ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಪ್ರಶಿಕ್ಷಣಾರ್ಥಿ ಒಂದು ಗಳಿಗೆ ಯೋಚಿಸಿ, ‘ಬರಿಯಮ್ಮ. ಯಾರು ಹೇಳಿದರು ಅಂತಲೂ ಬರಿ. ಪತ್ರದಲ್ಲಿ ಇಲ್ಲ ಅಂತಲೂ ಬರಿ’ ಎಂದರು. ನನ್ನ ಅವಲೋಕನ ಹಾಳೆಯಲ್ಲಿ ಆ ದಿನ ಅತಿ ಹೆಚ್ಚು ಮೆಚ್ಚುಗೆ ಬರೆದದ್ದು ಆ ಉತ್ತರಕ್ಕೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಹಳೆಯ ಪತ್ರವನ್ನು ಪ್ರಶ್ನಿಸದೆ ನಕಲು ಮಾಡಿದರೆ ಇಬ್ಬರು ಹೆಂಗಸರು ಇನ್ನೊಂದು ಸಲ ಮನೆಯಿಂದ ಹೊರಗೆ ಉಳಿಯುತ್ತಾರೆ.

ಹಾಗಾದರೆ ಅಜ್ಜಿಯನ್ನು ಹೇಗೆ ನಮೂದಿಸುವುದು? ಹೀಗೆ: ‘ಹೇಳಿದವರು ತಂದೆಯ ತಾಯಿ (ಹೆಸರು), ವಯಸ್ಸು ಸುಮಾರು 75, ಊರು, ತೆಲುಗಿನಲ್ಲಿ ಹೇಳಿದ್ದನ್ನು ಮೊಮ್ಮಗಳು ಕನ್ನಡದಲ್ಲಿ ಬರೆದುಕೊಂಡದ್ದು, ದಿನಾಂಕ.’ ಜೊತೆಗೆ, ಅವರು ಕಂಡದ್ದೋ ತಮ್ಮ ಅತ್ತೆಯಿಂದ ಕೇಳಿದ್ದೋ ಎಂಬ ಒಂದು ಮಾತು. ಮನೆಯಲ್ಲಿ ಒಂದೂ ಹಳೆಯ ಕಾಗದವಿಲ್ಲದ ಮಗುವಿಗೂ ಇದರಿಂದ ತರಗತಿಯಲ್ಲಿ ಸಮನಾದ ಜಾಗ ಸಿಗುತ್ತದೆ. ಬಾಯಿಮಾತು ಕೀಳಲ್ಲ, ಉತ್ತರ ಕರ್ನಾಟಕದ ಹೆಳವರು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದು, ಮನೆಬಾಗಿಲಲ್ಲಿ ನಿಂತು ಹೇಳಿದವರು.

ಜಾಲತಾಣದ ಪುಟವಾದರೆ ನಾಲ್ಕು ಸಂಗತಿ ಸಾಕು: ಪುಟದ ಹೆಸರು, ಅದನ್ನು ಹಾಕಿದವರು, ಪೂರ್ತಿ ವಿಳಾಸ, ನಾವು ನೋಡಿದ ದಿನಾಂಕ. ಪುಟ ನಾಳೆ ಬದಲಾಗಬಹುದು, ಆದ್ದರಿಂದ ದಿನಾಂಕ ಬಿಡುವಂತಿಲ್ಲ. ಪರದೆಯ ಮೇಲೆ ಕಂಡದ್ದು ಹಳೆಯ ಪುಸ್ತಕದ ಪಡಿಯಚ್ಚಾದರೆ ಪುಸ್ತಕವನ್ನೇ ಹೆಸರಿಸಿ, ಎಲ್ಲಿ ಓದಿದೆವೆಂದು ಸೇರಿಸಬೇಕು. ಸ್ಥಳದ ಹೆಸರನ್ನು ದಾಖಲೆಯಲ್ಲಿ ಇದ್ದಂತೆಯೇ ಉಳಿಸಬೇಕು. ನಂದಿಯ ಶಾಸನಗಳನ್ನು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಹುಡುಕುವವರಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಸಂಪುಟ ಸಿಗುವುದಿಲ್ಲ. ಅವು ಇರುವುದು 1905ರಲ್ಲಿ ಬಂದ 10ನೆಯ ಸಂಪುಟದಲ್ಲಿ, ಕೋಲಾರ ಜಿಲ್ಲೆಯ ಹೆಸರಿನಡಿ. ನಮ್ಮ ಜಿಲ್ಲೆ ಬೇರೆಯಾದದ್ದು 2007ರಲ್ಲಿ. ತಾತನ ಪತ್ರದಲ್ಲಿ ‘ಕೋಲಾರ ಜಿಲ್ಲೆ’ ಎಂದಿದ್ದರೆ ಮಕ್ಕಳು ಅದನ್ನು ತಿದ್ದಬಾರದು. ‘ಈಗ ಚಿಕ್ಕಬಳ್ಳಾಪುರ ಜಿಲ್ಲೆ’ ಎಂದು ಪಕ್ಕದಲ್ಲಿ ಬರೆಯಲಿ.

ಒಂದು ಎಚ್ಚರಿಕೆಯೂ ಬೇಕು. ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆ, ಜಮೀನಿನ ಸರ್ವೆ ನಂಬರು ಗೋಡೆಗೆ ಅಂಟಿಸುವ ಹಾಳೆಯಲ್ಲಿ ಬರಕೂಡದು. ಮನೆಯ ವಿಷಯ ಹೇಳಲು ಒಲ್ಲದ ಮಗುವಿಗೆ ಬೇರೆ ಮನೆತನ ಕೊಡಿ. ವಿಶ್ವೇಶ್ವರಯ್ಯನವರ ಪೂರ್ವಿಕರು ಈಗಿನ ಆಂಧ್ರಪ್ರದೇಶದ ಮೋಕ್ಷಗುಂಡಂನಿಂದ ಬಂದ ಜಾಡನ್ನು ಹುಡುಕಲಿ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಸಣ್ಣದು. ಮೌಲ್ಯಮಾಪನಕ್ಕೆ ಐದು ನಿಮಿಷ ಮೀಸಲಿಟ್ಟು, ಮಕ್ಕಳು ಪುಸ್ತಕಗಳನ್ನು ಅದಲು ಬದಲು ಮಾಡಿಕೊಂಡು ಆಧಾರದ ಸಾಲನ್ನಷ್ಟೇ ಓದಲಿ. ಆ ಸಾಲು ಹಿಡಿದು ಹೊರಟರೆ ಅದೇ ಕಾಗದವನ್ನೋ ಅದೇ ಅಜ್ಜಿಯನ್ನೋ ತಲುಪಬಹುದು ಎಂದು ಪಕ್ಕದ ಬೆಂಚಿನ ಮಗು ಹೇಳಿದರೆ ಪೂರ್ತಿ ಅಂಕ ಕೊಡಿ.